ಅಪ್ಪನ ಕಣ್ಣಿಗೆ ಈಗಲೇ ಸೂಜಿಮದ್ದೋ, ಹೊಸ ಚಿಕಿತ್ಸೆಗಾಗಿ ಕಾಯುವುದೋ?

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥಮಾಡಿಕೊಂಡಿದ್ದೇನೆ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪ ಅಡಿಕೆ ಕೃಷಿ ಮಾಡಿಕೊಂಡಿರುವ ನಿಮ್ಮ ತಂದೆಯವರಿಗೆ 64 ವರ್ಷ, 18 ವರ್ಷಗಳಿಂದ ಸಕ್ಕರೆ ಕಾಯಿಲೆ. ಮಂಗಳೂರಿನಲ್ಲಿ ಓಸಿಟಿ ಸ್ಕ್ಯಾನ್ ಮಾಡಿಸಿದಾಗ ಕಣ್ಣಿನ ಹಿಂಪರದೆಯ ನಡುಭಾಗವಾದ ಮಕ್ಯುಲದಲ್ಲಿ ನೀರು ತುಂಬಿರುವುದು ಕಂಡಿದೆ, ತಿಂಗಳಿಗೊಂದರಂತೆ ಕಣ್ಣಿನೊಳಗೆ ಸೂಜಿಮದ್ದು ಕೊಡಬೇಕೆಂದು ವೈದ್ಯರು ಹೇಳಿದ್ದಾರೆ. ಜೀನ್ ಥೆರಪಿ, ಸ್ಟೆಮ್ ಸೆಲ್ (ಹೊಸ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ), ಕಣ್ಣಿನೊಳಗಿಡುವ ಚಿಪ್ ಎಲ್ಲವೂ ಬರುತ್ತಿರುವಾಗ ಒಂದೆರಡು ವರ್ಷ ಕಾದರೆ ಆಗದೇ ಎಂದು ನೀವು ಕೇಳುತ್ತಿದ್ದೀರಿ.

ದಯವಿಟ್ಟು ಕಾಯಬೇಡಿ. ನಾನು ವೈದ್ಯನಲ್ಲ. ನಿಮ್ಮದೇ ಕಡೆಯ ನೀರ್ಚಾಲಿನವನು, ಮಂಗಳೂರಿನ ಒಂದು ಕಣ್ಣಿನ ಆಸ್ಪತ್ರೆಯಲ್ಲಿ 14 ವರ್ಷಗಳಿಂದ ಆಪ್ಟೊಮೆಟ್ರಿಸ್ಟ್, ಅಂದರೆ ಕಣ್ಣಿನ ಪರೀಕ್ಷೆ ಮಾಡುವವನು, ಆಗಿದ್ದೇನೆ; ದಿನದ ಬಹುಪಾಲು ಹೊತ್ತು ಓಸಿಟಿ ಯಂತ್ರದ ಮುಂದೆಯೇ ಕಳೆಯುತ್ತದೆ. ಆದ್ದರಿಂದ ಕಾದರೆ ಏನಾಗುತ್ತದೆ ಎಂಬುದನ್ನು ಆ ಯಂತ್ರದಲ್ಲಿ ಕಾಣುವ ಚಿತ್ರದ ಮೂಲಕವೇ ಹೇಳುತ್ತೇನೆ.

ಹೊಟ್ಟೆಯ ಸ್ಕ್ಯಾನಿಂಗಿನಲ್ಲಿ ಶಬ್ದದ ಅಲೆಗಳು ಮಾಡುವ ಕೆಲಸವನ್ನು ಓಸಿಟಿಯಲ್ಲಿ ಬೆಳಕು ಮಾಡುತ್ತದೆ. ಕಣ್ಣಿನ ಹಿಂಪರದೆಯಾದ ರೆಟಿನಾದ ಬೇರೆ ಬೇರೆ ಪದರಗಳಿಂದ ಮರಳಿ ಬರುವ ಬೆಳಕನ್ನು ಅಳೆದು, ಕಣ್ಣನ್ನು ಮುಟ್ಟದೆಯೇ ಅದರ ಅಡ್ಡಕೊಯ್ತದ ಚಿತ್ರವನ್ನು ಯಂತ್ರ ಬರೆಯುತ್ತದೆ. ಡೇವಿಡ್ ಹುವಾಂಗ್, ಎರಿಕ್ ಸ್ವಾನ್ಸನ್, ಜೇಮ್ಸ್ ಫುಜಿಮೊಟೊ ಮತ್ತು ಅವರ ಸಂಗಡಿಗರು ಅಮೆರಿಕದಲ್ಲಿ ಈ ವಿಧಾನವನ್ನು ಪ್ರಕಟಿಸಿದ್ದು 1991ರಲ್ಲಿ. ಇಂದಿನ ಯಂತ್ರಗಳು ಸುಮಾರು 5 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಇನ್ನೂರರಲ್ಲೊಂದು ಭಾಗದಷ್ಟು ಸೂಕ್ಷ್ಮವಾದ ಪದರಗಳನ್ನೂ ಬಿಡಿಸಿ ತೋರಿಸುತ್ತವೆ. ನಾವು ಓದುವುದು, ಮುಖ ಗುರುತಿಸುವುದು ಎಲ್ಲವೂ ಮಕ್ಯುಲ ಎಂಬ ನಡುಭಾಗದಿಂದ. ಸಹಜ ಕಣ್ಣಿನ ಚಿತ್ರದಲ್ಲಿ ಅಲ್ಲಿ ಒಂದು ಸಣ್ಣ ತಗ್ಗು ಕಾಣುತ್ತದೆ. ಸಕ್ಕರೆ ಕಾಯಿಲೆಯಿಂದ ಸೋರುವ ರಕ್ತನಾಳಗಳ ನೀರು ಸೇರಿಕೊಂಡಾಗ ಆ ತಗ್ಗು ಮುಚ್ಚಿ ಗುಡ್ಡೆಯಂತೆ ಉಬ್ಬುತ್ತದೆ, ಒಳಗೆ ಕಪ್ಪು ಕಪ್ಪಾದ ನೀರಿನ ಗುಳ್ಳೆಗಳು ಕಾಣಿಸುತ್ತವೆ. ನಿಮ್ಮ ತಂದೆಯವರ ವರದಿಯಲ್ಲಿ ಮೈಕ್ರಾನ್ ಲೆಕ್ಕದಲ್ಲಿ ಬರೆದಿರುವುದು ಈ ಉಬ್ಬಿನ ದಪ್ಪವನ್ನು.

ಆದರೆ ನನ್ನ ಕಣ್ಣು ಮೊದಲು ಹೋಗುವುದು ಆ ಸಂಖ್ಯೆಯ ಕಡೆಗಲ್ಲ. ಚಿತ್ರದ ಅಡಿಭಾಗದಲ್ಲಿ, ಬೆಳಕನ್ನು ಹಿಡಿಯುವ ಜೀವಕೋಶಗಳ ಸಾಲನ್ನು ತೋರಿಸುವ ಒಂದು ತೆಳುವಾದ ಬಿಳಿ ಗೆರೆ ಇರುತ್ತದೆ; ನಾವು ಅದನ್ನು ಇ.ಝಡ್. ಗೆರೆ ಎನ್ನುತ್ತೇವೆ. ಆ ಗೆರೆ ಎಲ್ಲಿಯೂ ಕಡಿಯದೆ ಇದ್ದರೆ, ನೀರು ಆರಿದ ಮೇಲೆ ದೃಷ್ಟಿ ಮರಳುವ ಸಾಧ್ಯತೆ ಹೆಚ್ಚು. ನೀರು ತಿಂಗಳುಗಟ್ಟಲೆ ನಿಂತರೆ ಗೆರೆ ಅಲ್ಲಲ್ಲಿ ಅಳಿಸಿಹೋಗುತ್ತದೆ. ಆಮೇಲೆ ಮದ್ದಿನಿಂದ ದಪ್ಪ ಇಳಿದು ಸಂಖ್ಯೆ ಸರಿಯಾದರೂ ಅಕ್ಷರಗಳು ಕಾಣುವುದಿಲ್ಲ, ಏಕೆಂದರೆ ಕಾಣಬೇಕಾದ ಕೋಶಗಳೇ ಅಲ್ಲಿ ಉಳಿದಿರುವುದಿಲ್ಲ.

ಇದನ್ನು ನಾನು ನಮ್ಮ ದೊಡ್ಡಪ್ಪನ ಬಲಗಣ್ಣಿನಲ್ಲಿ ನೋಡಿದ್ದೇನೆ. ಮಧ್ಯಾಹ್ನ ಊಟ ಮುಗಿಸಿ ಚಾವಡಿಯಲ್ಲಿ ಅಂಗಾತ ಮಲಗಿದಾಗ ಹಂಚಿನ ಮಾಡಿನ ಪಕ್ಕಾಸುಗಳು ನಡುವಿನಲ್ಲಿ ಡೊಂಕಾಗಿ ಕಾಣುತ್ತವೆ ಎಂದು ಅವರು ಹೇಳುತ್ತಿದ್ದರು. ಮರವೇ ಬಾಗಿರಬೇಕೆಂದು ಆಚಾರಿಯನ್ನು ಕರೆಸಿ ತೋರಿಸಿದ್ದೂ ಆಯಿತು. ಸ್ಕ್ಯಾನಿನಲ್ಲಿ ನೀರು ಕಂಡು ಸೂಜಿಮದ್ದಿನ ಮಾತು ಬಂದಾಗ, ದೂರದ ಊರಿನ ಒಂದು ಚಿಕಿತ್ಸಾಲಯದವರು ಸ್ಟೆಮ್ ಸೆಲ್‌ನಿಂದ ಒಂದೇ ಸಲಕ್ಕೆ ಗುಣಪಡಿಸುತ್ತೇವೆ, ಸ್ವಲ್ಪ ಕಾಯಿರಿ ಎಂದು ಫೋನಿನಲ್ಲಿ ಹೇಳಿದ್ದನ್ನು ನಂಬಿ 14 ತಿಂಗಳು ಕಳೆದರು. ಕೊನೆಗೆ ನಾವೇ ಒತ್ತಾಯಿಸಿ ಸೂಜಿಮದ್ದು ಕೊಡಿಸಿದೆವು. ನಾಲ್ಕು ಸಲ ಕೊಟ್ಟಾಗ ದಪ್ಪ 468ರಿಂದ 251 ಮೈಕ್ರಾನಿಗೆ ಇಳಿಯಿತು, ಆದರೆ ಬಿಳಿ ಗೆರೆ ನಡುವಿನಲ್ಲಿ ಇರಲಿಲ್ಲ. ಆ ಕಣ್ಣಿನಲ್ಲಿ ಇಂದಿಗೂ ಫಲಕದ ಮೇಲಿನ ದೊಡ್ಡ ಅಕ್ಷರವೊಂದೇ ಕಾಣುವುದು. ಮುಂದೆ ಎಡಗಣ್ಣಿನಲ್ಲಿ ನೀರು ಕಂಡಾಗ ನಾವು ಒಂದು ವಾರವೂ ತಡ ಮಾಡಲಿಲ್ಲ. ಆ ಕಣ್ಣಿನಿಂದ ಅವರು ಈಗಲೂ ಪಂಚಾಂಗದ ಸಣ್ಣ ಅಂಕಿಗಳನ್ನು ಓದುತ್ತಾರೆ.

ಕಣ್ಣಿಗೆ ಸೂಜಿ ಎಂಬ ಮಾತಿಗೇ ಎಲ್ಲರೂ ಹೆದರುತ್ತಾರೆ, ಅದು ಸಹಜ. ನಡೆಯುವುದು ಇಷ್ಟು: ಮರಗಟ್ಟಿಸುವ ಹನಿ ಬಿಟ್ಟು, ಪೊವಿಡೋನ್ ಅಯೋಡಿನ್‌ನಿಂದ ಕಣ್ಣನ್ನು ಶುದ್ಧಗೊಳಿಸಿ, ಬಹಳ ಸಣ್ಣ ಸೂಜಿಯಿಂದ ಕಣ್ಣಿನ ಬಿಳಿಭಾಗದ ಮೂಲಕ 0.05 ಮಿಲಿಲೀಟರ್ ಮದ್ದನ್ನು ಒಳಗೆ ಬಿಡುತ್ತಾರೆ. ಸೂಜಿ ಒಳಗಿರುವುದು ಕೆಲವೇ ಸೆಕೆಂಡು. ಸೋಂಕಿನ ಅಪಾಯ ಸಾವಿರ ಸೂಜಿಗಳಲ್ಲಿ ಒಂದಕ್ಕಿಂತಲೂ ಕಡಿಮೆ, ಆದರೂ ಅದು ಇದೆ. ಹಾಗಾಗಿ ಮದ್ದು ಕೊಟ್ಟ ಮರುದಿನಗಳಲ್ಲಿ ಕಣ್ಣು ನೋಯುತ್ತಾ ಕೆಂಪಾಗಿ ದೃಷ್ಟಿ ಇಳಿದರೆ, ರಾತ್ರಿಯಾದರೂ ಸರಿ, ಹೊರಡಬೇಕು. ತಿಂಗಳು ತಿಂಗಳು ಏಕೆ ಎಂದು ದೊಡ್ಡಪ್ಪ ಕೇಳಿದಾಗ ನಾನು ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣವನ್ನೇ ನೆನಪಿಸಿದೆ. ಮಳೆ ಹಿಡಿಯುವ ಮೊದಲು ಒಮ್ಮೆ ಮದ್ದು ಬಿಟ್ಟರೆ ಸಾಲದು, 40–45 ದಿನ ಕಳೆದು ಮತ್ತೆ ಬಿಡಬೇಕು, ಏಕೆಂದರೆ ಮಳೆಗೆ ಮದ್ದು ತೊಳೆದುಹೋಗುತ್ತದೆ, ಕೊಳೆರೋಗ ಕಾದುಕೊಂಡೇ ಇರುತ್ತದೆ. ಕಣ್ಣಿನಲ್ಲೂ ರಕ್ತನಾಳಗಳನ್ನು ಸೋರಿಸುವ ವಿಇಜಿಎಫ್ ಎಂಬ ಪ್ರೋಟೀನು ತಯಾರಾಗುತ್ತಲೇ ಇರುತ್ತದೆ, ಅದನ್ನು ಹಿಡಿದಿಡುವ ಮದ್ದು ಕೆಲವು ವಾರಗಳಲ್ಲಿ ಕರಗಿಹೋಗುತ್ತದೆ. ಮೊದಲ ವರ್ಷ ಹೆಚ್ಚು ಸಲ ಬೇಕಾಗುತ್ತದೆ, ಆಮೇಲೆ ಹೆಚ್ಚಿನವರಲ್ಲಿ ಅಂತರ ಹಿಗ್ಗುತ್ತದೆ.

ಮದ್ದಿನ ಆಯ್ಕೆಯನ್ನು ವೈದ್ಯರಿಗೆ ಬಿಡಿ, ಆದರೆ ಖರ್ಚಿನ ಬಗ್ಗೆ ಸಂಕೋಚವಿಲ್ಲದೆ ಕೇಳಿ. ಕರುಳಿನ ಕ್ಯಾನ್ಸರಿಗೆಂದು ಬಂದ ಬೆವಾಸಿಜುಮಾಬ್ ಕಡಿಮೆ ಬೆಲೆಯದ್ದು. 2015ರಲ್ಲಿ ಪ್ರಕಟವಾದ ಅಮೆರಿಕದ ಹೋಲಿಕೆಯ ಅಧ್ಯಯನದಲ್ಲಿ, ದೃಷ್ಟಿ ಅಷ್ಟೇನೂ ಕುಗ್ಗದವರಿಗೆ ಅದು ದುಬಾರಿ ಮದ್ದುಗಳಷ್ಟೇ ಪ್ರಯೋಜನ ನೀಡಿತು. ದೃಷ್ಟಿ ಹೆಚ್ಚು ಕುಗ್ಗಿದವರಿಗೆ ಮೊದಲ ವರ್ಷ ಆ ದುಬಾರಿ ಮದ್ದುಗಳಲ್ಲೊಂದಾದ ಅಫ್ಲಿಬರ್ಸೆಪ್ಟ್ ಮೇಲಾಗಿ ಕಂಡಿತು. 2022ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಫಾರಿಸಿಮಾಬ್ ಎರಡು ಪ್ರೋಟೀನುಗಳನ್ನು ಒಟ್ಟಿಗೆ ತಡೆಯುವುದರಿಂದ ಕೆಲವರಲ್ಲಿ ನಾಲ್ಕು ತಿಂಗಳಿಗೊಮ್ಮೆ ಕೊಟ್ಟರೂ ಸಾಕಾಗುತ್ತದೆ. ನಿಮ್ಮ ತಂದೆಯವರ ಪಾಲಿಗೆ ಹೊಸ ಚಿಕಿತ್ಸೆ ಎಂದರೆ ನಿಜಕ್ಕೂ ಇದು, ಮತ್ತು ಇದಕ್ಕಾಗಿ ಕಾಯಬೇಕಾಗಿಲ್ಲ.

ನೀವು ಹೆಸರಿಸಿದ ಉಳಿದವುಗಳಲ್ಲಿ ಈವರೆಗೆ ಹೆಚ್ಚು ಸುದ್ದಿಯಾದವು ಬೇರೆ ರೋಗಗಳಿಗೆ ಸೇರಿದವು. 2017ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಜೀನ್ ಥೆರಪಿ, ಆರ್‌ಪಿಇ65 ಎಂಬ ಒಂದೇ ಜೀನಿನ ದೋಷದಿಂದ ಹುಟ್ಟಿನಿಂದ ಬರುವ ಕುರುಡಿಗೆ ಮಾತ್ರ. ಮಾರುಕಟ್ಟೆಗೆ ಬಂದಾಗ ಎರಡೂ ಕಣ್ಣುಗಳಿಗೆ ಅದರ ಬೆಲೆ 8,50,000 ಡಾಲರ್ ಆಗಿತ್ತು. ಚಿಪ್ ಪ್ರಯೋಗದ ಸುದ್ದಿ, ವಯಸ್ಸಾದವರಲ್ಲಿ ಮಕ್ಯುಲ ಒಣಗಿ ಸವೆದುಹೋಗುವ ರೋಗಕ್ಕೆ ಸಂಬಂಧಿಸಿದ್ದು. 2 ಮಿಲಿಮೀಟರ್ ಅಗಲದ ಆ ಚಿಪ್ ವಿಶೇಷ ಕನ್ನಡಕದ ನೆರವಿನಿಂದ ಅಕ್ಷರಗಳನ್ನು ಕಾಣಿಸಿದೆ, ಅದು ನಿಜಕ್ಕೂ ದೊಡ್ಡ ಸಾಧನೆ. ಸ್ಟೆಮ್ ಸೆಲ್ ವಿಷಯದಲ್ಲಿ ಜಪಾನಿನ ಮಸಾಯೊ ತಕಹಾಶಿಯವರ ತಂಡ 2014ರಲ್ಲಿ ರೋಗಿಯದೇ ಚರ್ಮದ ಕೋಶಗಳಿಂದ ರೆಟಿನಾದ ಅಡಿಪದರವನ್ನು ಬೆಳೆಸಿ ಕಸಿ ಮಾಡಿತು. ಅದು ಎಚ್ಚರದಿಂದ, ಒಬ್ಬ ರೋಗಿಯಿಂದ ಆರಂಭಿಸಿದ ಸಂಶೋಧನೆ. ಅದೇ ಹೆಸರಿನಲ್ಲಿ ಫ್ಲಾರಿಡಾದ ಒಂದು ಚಿಕಿತ್ಸಾಲಯ ಹಣ ಪಡೆದು ಮೂವರು ಮಹಿಳೆಯರ ಎರಡೂ ಕಣ್ಣುಗಳಿಗೆ ಕೊಬ್ಬಿನಿಂದ ತೆಗೆದ ಕೋಶಗಳನ್ನು ಚುಚ್ಚಿ, ಅವರ ದೃಷ್ಟಿ ಹೋಗುವಂತೆ ಮಾಡಿದ್ದು 2017ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿದೆ. ದೊಡ್ಡಪ್ಪನಿಗೆ ಬಂದ ಫೋನ್ ಕರೆಯನ್ನು ನೆನೆದಾಗಲೆಲ್ಲ ನನಗೆ ಆ ಮೂವರ ನೆನಪಾಗುತ್ತದೆ.

ಇವೆಲ್ಲಕ್ಕಿಂತ ನನಗೆ ಹೆಚ್ಚು ಭರವಸೆ ಹುಟ್ಟಿಸಿದ್ದು ಒಂದು ಸಾಮಾನ್ಯ ಮಾತ್ರೆ. ರಕ್ತದ ಕೊಬ್ಬಿಗೆ ಕೊಡುವ ಫೆನೊಫೈಬ್ರೇಟ್, ಸಕ್ಕರೆ ಕಾಯಿಲೆಯ ಆರಂಭದ ರೆಟಿನಾ ತೊಂದರೆ ಮುಂದುವರಿಯುವ ಸಂಭವವನ್ನು ಶೇ. 27ರಷ್ಟು ತಗ್ಗಿಸಿತು ಎಂದು ಸ್ಕಾಟ್ಲೆಂಡಿನ ಅಧ್ಯಯನವೊಂದು 2024ರಲ್ಲಿ ತೋರಿಸಿತು. ಅದು ಸೂಜಿಮದ್ದಿಗೆ ಬದಲಿಯಲ್ಲ. ಮೂತ್ರಪಿಂಡ ತೊಂದರೆ ಇದ್ದವರಿಗೆ ಎಲ್ಲರಂತೆ ಕೊಡಲೂ ಆಗುವುದಿಲ್ಲ. ಆದರೂ ನಿಮ್ಮ ವೈದ್ಯರಲ್ಲಿ ಒಮ್ಮೆ ವಿಚಾರಿಸಿ.

ಕಾಯುವುದು ಸರಿಯಾಗುವ ಒಂದು ಸಂದರ್ಭವಿದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ನೀರಿದ್ದರೂ ದೃಷ್ಟಿ ಬಹುಮಟ್ಟಿಗೆ ಪೂರ್ಣವಾಗಿರುವವರಲ್ಲಿ, ಕಟ್ಟುನಿಟ್ಟಾಗಿ ಪರೀಕ್ಷಿಸುತ್ತಾ, ದೃಷ್ಟಿ ಇಳಿಯತೊಡಗಿದ ಕೂಡಲೇ ಮದ್ದು ಆರಂಭಿಸಿದರೂ ಎರಡು ವರ್ಷಗಳ ಕೊನೆಗೆ ಫಲಿತಾಂಶ ಒಂದೇ ಎಂದು 2019ರ ಅಧ್ಯಯನವೊಂದು ಹೇಳಿತು. ಆದರೆ ಅದು ವೈದ್ಯರು ಹೇಳಿದ ದಿನಕ್ಕೆ ತಪ್ಪದೆ ಹೋಗಿ ಸ್ಕ್ಯಾನ್ ಮಾಡಿಸುತ್ತಾ ಕಾಯುವುದು. ನಿಮ್ಮ ಮನೆಯಲ್ಲಿ ಮಾತು ನಡೆದಿರುವುದು ಆ ಬಗೆಯ ಕಾಯುವಿಕೆಯ ಬಗ್ಗೆ ಅಲ್ಲ.

ಮುಂದಿನ ಸಲ ಹೋಗುವಾಗ ಬಿಳಿ ಗೆರೆ ಹೇಗಿದೆ ಎಂದು ನೇರವಾಗಿ ಕೇಳಿ, ತೋರಿಸುತ್ತಾರೆ. ಊರಿನ ಕುಟುಂಬ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ ಮತ್ತು ರಕ್ತದೊತ್ತಡ ಬರೆದುಕೊಟ್ಟ ಚೀಟಿಗಳು ಮಲಯಾಳದಲ್ಲಿದ್ದರೂ ಬಿಡದೆ ಕೊಂಡೊಯ್ಯಿರಿ, ಮಂಗಳೂರಿನಲ್ಲಿ ಓದಬಲ್ಲವರು ಇದ್ದೇ ಇರುತ್ತಾರೆ. ಮನೆಯಲ್ಲಿ ಅವರು ದಿನಕ್ಕೊಮ್ಮೆ ಒಂದೊಂದೇ ಕಣ್ಣು ಮುಚ್ಚಿಕೊಂಡು ಬಾಗಿಲಿನ ದಾರಂದವನ್ನೋ ಮಾಡಿನ ರೀಪುಗಳನ್ನೋ ನೋಡಲಿ. ಗೆರೆ ಹೊಸದಾಗಿ ಡೊಂಕಾಗಿ ಕಂಡರೆ ಮುಂದಿನ ದಿನಾಂಕಕ್ಕಾಗಿ ಕಾಯದೆ ಕರೆದೊಯ್ಯಿರಿ. ಸ್ಕ್ಯಾನನ್ನು ಆದಷ್ಟು ಒಂದೇ ಕಡೆ, ಒಂದೇ ಯಂತ್ರದಲ್ಲಿ ಮಾಡಿಸಿ. ಬೇರೆ ಬೇರೆ ಕಂಪೆನಿಯ ಯಂತ್ರಗಳು ಒಂದೇ ಕಣ್ಣಿನ ದಪ್ಪವನ್ನು ಹತ್ತಾರು ಮೈಕ್ರಾನ್ ಹೆಚ್ಚು ಕಡಿಮೆ ತೋರಿಸುವುದರಿಂದ, ನೀರು ಇಳಿಯಿತೋ ಏರಿತೋ ಎಂಬುದೇ ತಿಳಿಯದಂತಾಗುತ್ತದೆ.