ಮನಿ ಮಂದಿಯೆಲ್ಲ ಕೂತು ನೋಡೂವಂಥ ಸಿನಿಮಾ ಯಾವುದ್ರಿ?

ಮುಧೋಳದ ಓದುಗರೊಬ್ಬರು ಬರೆದ ಪತ್ರದ ಮುಖ್ಯ ಭಾಗ:

“ನಮ್ಮ ಮನ್ಯಾಗ ಎರಡು ಮಕ್ಕಳು. ಮಗಳಿಗೆ ಎಂಟು, ಮಗನಿಗೆ ಹದಿನಾಲ್ಕು. ಅತ್ತಿಯವರೂ ನಮ್ಮ ಜೊತಿಗೇ ಇರ್ತಾರ. ರಜಾದಾಗ ದೇವರ ಕಥಿ ಐತಿ ಅಂತ ಎಲ್ಲಾರೂ ಕೂಡಿ ಒಂದು ಸಿನಿಮಾಕ್ಕ ಹೋಗಿದ್ವಿ. ಅರ್ಧಕ್ಕ ಬರೂದರಾಗ ಮಗಳು ಅಳಾಕ ಹತ್ತಿದಳು. ಈಗ ಸಂಜಿ ಆದ್ರ ಬಚ್ಚಲಮನಿಗೂ ಒಬ್ಬಾಕಿ ಹೋಗೂದಿಲ್ಲ. ದೇವರ ಸಿನಿಮಾಕ್ಕ ಯಾರರ ಅಂಜತಾರೇನು ಅಂತಾರ ನಮ್ಮ ಯಜಮಾನ್ರು. ಬನಶಂಕರಿ ಜಾತ್ರ್ಯಾಗ ರಾತ್ರಿಯಿಡೀ ನಾಟಕ ನೋಡಿ ಬೆಳದೀವಿ, ನಮಗೇನಾಗೇತಿ ಅಂತಾರ ಅತ್ತಿ. ಮಗ ಮೊಬೈಲ್‌ನಾಗ ಏನು ನೋಡ್ತಾನೋ ದೇವರಿಗೇ ಗೊತ್ತು. ನೀವು ಸಿನಿಮಾಕ್ಕ ಸ್ಟಾರ್ ಕೊಡ್ತೀರಿ. ಮಕ್ಕಳನ್ನ ಕರಕೊಂಡು ಹೋಗಬೇಕೋ ಬ್ಯಾಡೋ ಅನ್ನೂದನ್ನ ಯಾಕ ಬರಿಯೂದಿಲ್ಲ?”

ಸಂಪಾದಕರ ಉತ್ತರ:

ಅಕ್ಕಾರ, ಬರೆಯೋಣ. ಮುಂದಿನ ಸಂಚಿಕೆಯಿಂದ ಪ್ರತಿ ವಿಮರ್ಶೆಯ ಕೆಳಗೆ ಚಿತ್ರದ ಸರ್ಟಿಫಿಕೇಟು, ಅವಧಿ, ಮಕ್ಕಳಿಗೆ ಕಷ್ಟವಾಗಬಹುದಾದ ದೃಶ್ಯಗಳ ಬಗ್ಗೆ ಎರಡು ಸಾಲು ಇರುತ್ತವೆ. ಆದರೆ ಆ ಎರಡು ಸಾಲು ಓದಿ ನೀವು ನಿಶ್ಚಿಂತರಾಗಿ ಟಿಕೆಟ್ ತೆಗೆಸಿಬಿಡುತ್ತೀರೆಂದರೆ ನನಗೆ ಒಪ್ಪಿಗೆಯಿಲ್ಲ. ಯಾಕೆಂದು ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ಚಿತ್ರದ ಹೆಸರಿತ್ತು, ನಾನೇ ತೆಗೆದಿದ್ದೇನೆ. ಚಿತ್ರದವರು ನಿಮಗೆ ಮೋಸ ಮಾಡಿಲ್ಲ. ಅದಕ್ಕೆ ಸಿಕ್ಕಿದ್ದು ‘ಯುಎ 16+’, ಅಂದರೆ ಹದಿನಾರರೊಳಗಿನವರನ್ನು ಕರೆದೊಯ್ಯುವ ಮೊದಲು ತಂದೆತಾಯಿ ಯೋಚಿಸಲಿ ಎಂಬ ಗುರುತು. ಪೋಸ್ಟರಿನ ಮೂಲೆಯಲ್ಲಿ, ಬುಕಿಂಗ್ ಆ್ಯಪಿನಲ್ಲಿ ಹೆಸರಿನ ಪಕ್ಕದಲ್ಲಿ, ಸಿನಿಮಾ ಶುರುವಾಗುವ ಮೊದಲು ಪರದೆಯ ಮೇಲೆ ಬರುವ ಪ್ರಮಾಣಪತ್ರದಲ್ಲಿ, ಎಲ್ಲ ಕಡೆಯೂ ಅದು ಇರುತ್ತದೆ. ಅದನ್ನು ಓದುವ ರೂಢಿ ನಮ್ಮ ಕಡೆ ಬಂದಿಲ್ಲ ಅಷ್ಟೆ. ಹೀರೊ ಯಾರು, ಎಷ್ಟು ಗಂಟೆಯ ಆಟ, ಬಾಲ್ಕನಿ ಸಿಗುತ್ತದೋ ಇಲ್ಲವೋ ಎಂಬಲ್ಲಿಗೆ ನಮ್ಮ ವಿಚಾರಣೆ ಮುಗಿಯುತ್ತದೆ.

1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಕಾಲಕ್ಕೆ ಸಾಮಾನ್ಯ ಜನರಿಗೆ ತಿಳಿದಿದ್ದ ಗುರುತು ಎರಡೇ, ‘ಯು’ (ಎಲ್ಲರಿಗೂ) ಮತ್ತು ‘ಎ’ (ವಯಸ್ಕರಿಗೆ ಮಾತ್ರ). 1983ರಲ್ಲಿ ‘ಯುಎ’ ಸೇರಿತು. ಹನ್ನೆರಡರೊಳಗಿನ ಮಕ್ಕಳನ್ನು ಹಿರಿಯರು ನೋಡಿಕೊಂಡು ಕರೆತರಲಿ ಎಂಬುದು ಅದರ ಅರ್ಥ. ಮುಂದೆ ನಲವತ್ತು ವರ್ಷ, ಮದುವೆ ಮನೆಯ ತಮಾಷೆಯಿಂದ ಹಿಡಿದು ಮಚ್ಚಿನ ಹೊಡೆದಾಟದವರೆಗೆ ಎಲ್ಲವೂ ಈ ಒಂದೇ ‘ಯುಎ’ಯೊಳಗೆ ತುಂಬಿಕೊಂಡವು. 2023ರ ತಿದ್ದುಪಡಿ ಅದನ್ನು 7+, 13+, 16+ ಎಂದು ಮೂರು ಮಾಡಿತು. 2024ರ ನಿಯಮಗಳ ನಂತರ ಈ ಹೊಸ ಗುರುತುಗಳು ಬಳಕೆಗೆ ಬಂದವು.

ಇಲ್ಲೊಂದು ವಿಷಯ ನಿಮ್ಮ ಯಜಮಾನರಿಗೂ ಓದಿ ಹೇಳಿ. ‘ಎ’ ಚಿತ್ರಕ್ಕೆ ಹದಿನೆಂಟರ ಕೆಳಗಿನವರನ್ನು ಒಳಗೆ ಬಿಟ್ಟರೆ ಥಿಯೇಟರಿನವರದು ಅಪರಾಧ. ‘ಯುಎ’ಯ ವಯಸ್ಸಿನ ಗುರುತು ಹಾಗಲ್ಲ. ಅದು ತಂದೆತಾಯಿ ಯೋಚಿಸಲೆಂದು ಹಾಕಿದ್ದು, ಅವರನ್ನು ಬಿಟ್ಟು ಬೇರೆ ಯಾರೂ ಅದನ್ನು ಜಾರಿ ಮಾಡುವಂತಿಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ನಿಮ್ಮ ಮಗಳ ಟಿಕೆಟ್ ಹರಿದು ಒಳಗೆ ಬಿಟ್ಟ ಗೇಟಿನ ಹುಡುಗನ ತಪ್ಪು ಇದರಲ್ಲಿ ಏನೂ ಇಲ್ಲ. ಆ ಗೇಟಿನಲ್ಲಿ ನಿಂತು ಬೇಡ ಅನ್ನಬೇಕಾದವರು ನೀವಿಬ್ಬರೇ.

‘ಎ’ ಬಿದ್ದರೆ ಏನಾಗುತ್ತದೆಂದು 2025ರ ಆಗಸ್ಟ್‌ನಲ್ಲಿ ರಜನೀಕಾಂತರ ‘ಕೂಲಿ’ ಬಂದಾಗ ಗೊತ್ತಾಯಿತು. ತಾತನಿಂದ ಮೊಮ್ಮಗನವರೆಗೆ ಎಲ್ಲರಿಗೂ ರಜನಿ ಬೇಕು, ಚಿತ್ರಕ್ಕೆ ಮಾತ್ರ ‘ಎ’. ಮಕ್ಕಳನ್ನು ಎತ್ತಿಕೊಂಡು ಬಂದವರನ್ನು ವಾಪಸ್ ಕಳುಹಿಸಿದ್ದು ಸುದ್ದಿಯಾಯಿತು. ‘ಯುಎ’ ಕೊಡಿಸಿ ಎಂದು ನಿರ್ಮಾಪಕರು ಮದ್ರಾಸ್ ಹೈಕೋರ್ಟಿಗೆ ಹೋದರು, ಕೋರ್ಟು ಒಪ್ಪಲಿಲ್ಲ.

ಇನ್ನು ನಿಮ್ಮ ಅತ್ತೆಯವರ ಮಾತು. ಅದನ್ನು ತಳ್ಳಿಹಾಕಬೇಡಿ. ಬನಶಂಕರಿ ಜಾತ್ರೆಯ ಕಂಪನಿ ನಾಟಕಗಳಲ್ಲಿ ರಾಕ್ಷಸರು ಇರಲಿಲ್ಲವೇ, ಕೊಲೆ ಇರಲಿಲ್ಲವೇ, ದ್ವಂದ್ವಾರ್ಥದ ಮಾತು ಇರಲಿಲ್ಲವೇ? ಎಲ್ಲವೂ ಇದ್ದವು, ಈಗಲೂ ಇವೆ. ಕಾಮಿಕ್ ಪಾತ್ರಧಾರಿ ಒಂದು ಮಾತು ಎಸೆದ ಕೂಡಲೇ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಾರೆ, ಮಕ್ಕಳು ಯಾಕೆಂದು ತಿಳಿಯದೆ ತಾವೂ ನಗುತ್ತಾರೆ. ಆದರೆ ಅಲ್ಲಿ ಇನ್ನೊಂದೂ ನಡೆಯುತ್ತಿತ್ತು. ರಾತ್ರಿ ಗದೆ ಎತ್ತಿ ಗರ್ಜಿಸಿದವನು ಬೆಳಗಿನ ಜಾವ ಅರ್ಧ ಅಳಿಸಿದ ಬಣ್ಣದಲ್ಲೇ ಚಹಾದಂಗಡಿಯ ಬೆಂಚಿನ ಮೇಲೆ ಕೂತು ಗಿರಮಿಟ್ಟು ತಿನ್ನುತ್ತಿದ್ದ. ಡೇರೆಯ ಕಿಂಡಿಯಿಂದ ಇಣುಕಿದ ಹುಡುಗರಿಗೆ ಕಿರೀಟ ರಟ್ಟಿನದು ಎಂದು ಕಾಣುತ್ತಿತ್ತು. ಅಂಜಿಕೆಯೂ ಅದರ ಮದ್ದೂ ಒಂದೇ ಜಾತ್ರೆಯಲ್ಲಿ ಸಿಗುತ್ತಿದ್ದವು. ಈಗಿನ ಥಿಯೇಟರಿನಲ್ಲಿ ಎದೆಗೂಡು ನಡುಗಿಸುವ ಸದ್ದು, ನಾಲ್ಕಾಳೆತ್ತರದ ಮುಖ. ಬಣ್ಣ ಅಳಿಸಿಕೊಂಡು ಯಾರೂ ಹೊರಗೆ ಬರುವುದಿಲ್ಲ.

ಹಾಗಾಗಿ ಮಗಳಿಗೆ ಈಗ ಮಾಡಬೇಕಾದ್ದು ಇಷ್ಟು. ಯಾವುದೇ ದೊಡ್ಡ ಚಿತ್ರದ ‘ಮೇಕಿಂಗ್’ ವಿಡಿಯೊ ಯೂಟ್ಯೂಬಿನಲ್ಲಿ ಸಿಗುತ್ತದೆ. ಹಗಲು ಹೊತ್ತಿನಲ್ಲಿ, ಅಡುಗೆಮನೆಯ ಗದ್ದಲದ ನಡುವೆ, ಸದ್ದು ಕಡಿಮೆ ಮಾಡಿ ತೋರಿಸಿ. ತಾಸುಗಟ್ಟಲೆ ಕೂತು ಮೇಕಪ್ ಹಚ್ಚಿಸಿಕೊಳ್ಳುವ ನಟ, ಸೊಂಟಕ್ಕೆ ಕಟ್ಟಿದ ಹಗ್ಗ, ಹಿಂದೆ ಎಳೆದ ಹಸಿರು ಪರದೆ, ‘ಕಟ್’ ಅಂದ ಕೂಡಲೇ ನಗುವ ಖಳನಾಯಕ. ಒಂದೇ ದಿನಕ್ಕೆ ಅಂಜಿಕೆ ಹೋಗದಿದ್ದರೆ ಇನ್ನೊಮ್ಮೆ ತೋರಿಸಿ. ‘ಅಂಜುಬುರುಕಿ’ ಅಂತ ಯಾರೂ ಚಾಷ್ಟಿ ಮಾಡಬಾರದು, ಅಣ್ಣನಂತೂ ಮಾಡಲೇಬಾರದು. ದಿನ ಕಳೆದಂತೆ ಕಡಿಮೆಯಾಗದೆ ನಿದ್ದೆ, ಊಟ, ಶಾಲೆ ಕೆಡುವಷ್ಟಾದರೆ ಮಾತ್ರ ಮಕ್ಕಳ ಡಾಕ್ಟರನ್ನು ಒಮ್ಮೆ ಕಾಣಿ.

ದೇವರ ಸಿನಿಮಾಕ್ಕೆ ಅಂಜುತ್ತಾರೆಯೇ ಎಂಬ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. 2025ರ ಜುಲೈನಲ್ಲಿ ಬಂದ ‘ಮಹಾವತಾರ ನರಸಿಂಹ’ ಅನಿಮೇಷನ್ ಚಿತ್ರ. ಕಾರ್ಟೂನು, ಅದರಲ್ಲೂ ಪ್ರಹ್ಲಾದನ ಕಥೆ ಎಂದು ಅಂಗನವಾಡಿಯ ಕೂಸುಗಳನ್ನೂ ಕರೆದೊಯ್ದವರಿದ್ದಾರೆ. ಪ್ರಹ್ಲಾದನ ಕಥೆಯಲ್ಲಿ ಇರುವುದೇನು? ತಂದೆ ಮಗನನ್ನು ಕೊಲ್ಲಲು ಮತ್ತೆ ಮತ್ತೆ ನೋಡುತ್ತಾನೆ, ಕೊನೆಗೆ ಕಂಬ ಒಡೆದು ಬಂದವನು ಅವನ ಹೊಟ್ಟೆ ಬಗೆಯುತ್ತಾನೆ. ಅಜ್ಜಿ ಹೇಳುವಾಗ ಕೂಸು ತನಗೆ ತಡೆಯುವಷ್ಟೇ ದೊಡ್ಡ ನರಸಿಂಹನನ್ನು ಮನಸ್ಸಿನಲ್ಲಿ ಮಾಡಿಕೊಳ್ಳುತ್ತದೆ. ಪರದೆಯ ಮೇಲೆ ಆ ಅಳತೆಯನ್ನು ಬೇರೆಯವರು ಇಟ್ಟಿರುತ್ತಾರೆ. ಚಿತ್ರ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಹತ್ತು ದಾಟಿದ ಮಕ್ಕಳೊಂದಿಗೆ ನಾನೇ ಹೋಗಿ ಎನ್ನುತ್ತೇನೆ. ನಿಮ್ಮ ಮಗಳಿಗೆ ಸದ್ಯಕ್ಕೆ ಬೇಡ.

ನಮ್ಮ ಕಡೆಯ ತಂದೆತಾಯಿಯರ ಒಂದು ಗುಣ ನನಗೆ ಇನ್ನೂ ಬಗೆಹರಿದಿಲ್ಲ. ಪರದೆಯ ಮೇಲೆ ಮುತ್ತು ಕೊಡುವ ಸೂಚನೆ ಸಿಕ್ಕರೆ ಸಾಕು, ಅಪ್ಪನ ಕೈ ಮಗನ ಕಣ್ಣಿನ ಮೇಲಿರುತ್ತದೆ. ರುಂಡ ಹಾರುವಾಗ ಅದೇ ಕೈ ಪಾಪ್‌ಕಾರ್ನ್ ಡಬ್ಬಿಯಲ್ಲಿರುತ್ತದೆ. ಸೆನ್ಸಾರ್ ಮಂಡಳಿಯೂ ಇದಕ್ಕೆ ಹೊರತಲ್ಲ, 2025ರ ‘ಸೂಪರ್‌ಮ್ಯಾನ್’ ಚಿತ್ರದ ಅರ್ಧ ನಿಮಿಷದ ಮುತ್ತಿಗೆ ಕತ್ತರಿ ಬಿದ್ದಿದ್ದು ನಿಮಗೆ ನೆನಪಿರಬಹುದು. ಅದೇ ವರ್ಷದ ಫೆಬ್ರುವರಿಯ ‘ಛಾವಾ’ ‘ಯುಎ 16+’. ಕೊನೆಯ ಭಾಗದಲ್ಲಿ ಸಂಭಾಜಿ ಮಹಾರಾಜರಿಗೆ ಕೊಡುವ ಚಿತ್ರಹಿಂಸೆಯನ್ನು ದೊಡ್ಡವರೇ ಮುಖ ತಿರುಗಿಸುವಷ್ಟು ಹೊತ್ತು ತೋರಿಸುತ್ತಾರೆ. ಬೆಳಗಾವಿ ಕಡೆ ಇತಿಹಾಸ ತಿಳಿಯಲಿ ಎಂದು ಪ್ರಾಥಮಿಕ ಶಾಲೆಯ ಮಕ್ಕಳನ್ನು ಕರೆದೊಯ್ದವರು ಕಡಿಮೆ ಇರಲಿಲ್ಲ. ಇತಿಹಾಸ ತಿಳಿಯಬೇಕು, ಒಪ್ಪೋಣ. ಆರು ವರ್ಷದ ಮಗುವಿಗೆ ಆ ಅರ್ಧ ತಾಸಿನಲ್ಲಿ ತಿಳಿದದ್ದು ಇತಿಹಾಸವೇ ಎಂದು ನನಗೆ ಅನುಮಾನ.

ಈಗ ಏನು ನೋಡಬೇಕು ಎಂಬ ಮಾತಿಗೆ ಬರೋಣ. ಸ್ವಲ್ಪ ಹಳೆಯದನ್ನೂ ಸೇರಿಸುತ್ತೇನೆ, ಮಕ್ಕಳಿಗೆ ಹೊಸದು ಹಳೆಯದು ಎಂಬುದಿಲ್ಲ.

ನಿಮ್ಮ ಮನೆಯ ಐವರೂ ಒಟ್ಟಿಗೆ ಕೂರಬಹುದಾದದ್ದು ಎಂದರೆ ನನ್ನ ಮೊದಲ ಆಯ್ಕೆ 2018ರ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು’. ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರ ಪ್ರಶಸ್ತಿ ಪಡೆದದ್ದು. ಕೇರಳದ ಗಡಿಯಲ್ಲಿ ಮುಚ್ಚಲು ಹೊರಟ ಕನ್ನಡ ಶಾಲೆಯನ್ನು ಮಕ್ಕಳೇ ಉಳಿಸಿಕೊಳ್ಳಲು ಹೊರಡುತ್ತಾರೆ. ಗಡಿ ಜಿಲ್ಲೆಗಳ ನಮಗೆ ಇದನ್ನು ಬೇರೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಮುಗಿದ ಮೇಲೆ ನಿಮ್ಮ ಮಗಳು ತನ್ನ ಶಾಲೆಯಲ್ಲಿ ಎಷ್ಟು ಮಾಸ್ತರರಿದ್ದಾರೆಂದು ಎಣಿಸಲು ಶುರು ಮಾಡಬಹುದು. ತಯಾರಾಗಿರಿ.

2022ರ ‘777 ಚಾರ್ಲಿ’ ನಾಯಿಯ ಕಥೆ, ಆ ನಾಯಿಗೆ ಕ್ಯಾನ್ಸರ್ ಆಗುತ್ತದೆ. ಮಕ್ಕಳು ಅಳುತ್ತಾರೆ, ನಿಮ್ಮ ಯಜಮಾನರೂ ಅಳುತ್ತಾರೆ. ಅಳುವುದಕ್ಕೂ ಅಂಜುವುದಕ್ಕೂ ವ್ಯತ್ಯಾಸವಿದೆ. ಅತ್ತ ಮಗು ನಿಮ್ಮ ಮಗ್ಗುಲಿಗೆ ಬಂದು ಕೂರುತ್ತದೆ, ಪ್ರಶ್ನೆ ಕೇಳುತ್ತದೆ. ಅಂಜಿದ ಮಗು ಬಾಯಿ ಬಿಡುವುದಿಲ್ಲ. ಮನೆಯ ನಾಯಿ ಈಚೆಗೆ ಸತ್ತಿದ್ದರೆ ಮಾತ್ರ ಸ್ವಲ್ಪ ದಿನ ತಡೆದು ನೋಡಿ.

ಆಮೀರ್ ಖಾನರ ‘ಸಿತಾರೆ ಜಮೀನ್ ಪರ್’ 2025ರದು, ‘ಯುಎ 13+’. ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದ ಬಾಸ್ಕೆಟ್‌ಬಾಲ್ ಕೋಚಿಗೆ ಶಿಕ್ಷೆಯಾಗಿ ಒಂದು ತಂಡವನ್ನು ತರಬೇತು ಮಾಡುವ ಕೆಲಸ ಬೀಳುತ್ತದೆ. ಆ ತಂಡದ ಹತ್ತು ಆಟಗಾರರಾಗಿ ನಟಿಸಿದವರು ನಿಜವಾಗಿಯೂ ಡೌನ್ ಸಿಂಡ್ರೋಮ್, ಆಟಿಸಂನಂಥ ಸ್ಥಿತಿಗಳೊಂದಿಗೆ ಬದುಕುತ್ತಿರುವವರು. ನಮ್ಮ ಓಣಿಗಳಲ್ಲಿ ಅಂಥ ಮಕ್ಕಳನ್ನು ಏನೆಂದು ಕರೆಯುತ್ತಾರೆ ಎಂದು ನಿಮಗೆ ಗೊತ್ತು. ಚಿತ್ರದ ಕೋಚ್ ಕೂಡ ಮೊದಲಿಗೆ ಹಾಗೇ ಕರೆಯುತ್ತಾನೆ, ಬೈಸಿಕೊಳ್ಳುತ್ತಾನೆ. ಮಗನಿಗೆ ಧಾರಾಳವಾಗಿ ತೋರಿಸಿ. ಕುಡಿತ, ಒರಟು ಮಾತು ಇವೆ ಎಂಬ ಕಾರಣಕ್ಕೆ ಮಗಳು ನೋಡುವಾಗ ಮಾತ್ರ ನೀವು ಪಕ್ಕದಲ್ಲಿರಿ, ಅಷ್ಟು ಸಾಕು. ಥಿಯೇಟರಿನಿಂದ ಇಳಿದ ಮೇಲೆ ಅದನ್ನು ಯೂಟ್ಯೂಬಿನಲ್ಲಿ ನೂರು ರೂಪಾಯಿಗೆ ಬಿಟ್ಟಿದ್ದರು. ಇಡೀ ಮನೆಗೆ ನೂರು ರೂಪಾಯಿ ಎಂಬುದು ಬಾಗಲಕೋಟೆಗೆ ಹೋಗಿಬರುವ ಬಸ್ ಚಾರ್ಜು, ಇಂಟರ್‌ವಲ್ಲಿನ ಖರ್ಚು ಲೆಕ್ಕ ಹಾಕುವವರಿಗೆ ಸಣ್ಣ ಮಾತಲ್ಲ.

ಮರಾಠಿ ತಿಳಿಯುವ ಮನೆಗಳಿಗೆ 2023ರ ‘ನಾಳ್ 2’ ಹೇಳದೆ ಇರಲಾರೆ. ದತ್ತು ಹೋದ ಹುಡುಗ ಹೆತ್ತ ತಾಯಿಯ ಊರಿಗೆ ಹೋಗಿ ಒಡಹುಟ್ಟಿದವರನ್ನು ಕಾಣುತ್ತಾನೆ. ಇದೂ ರಾಷ್ಟ್ರ ಪ್ರಶಸ್ತಿ ಪಡೆದ ಮಕ್ಕಳ ಚಿತ್ರ.

ಇನ್ನೊಂದಿದೆ, ಅದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಲಾಟ್ವಿಯಾ ದೇಶದ ‘ಫ್ಲೋ’. 2025ರಲ್ಲಿ ಅನಿಮೇಷನ್ ವಿಭಾಗದ ಆಸ್ಕರ್ ಬಂದದ್ದು ಇದಕ್ಕೇ. ಇಡೀ ಚಿತ್ರದಲ್ಲಿ ಒಂದೂ ಮಾತಿಲ್ಲ, ಹೀಗಾಗಿ ಅತ್ತೆಯವರೂ ಮೊಮ್ಮಗಳೂ ಸಮಸಮವಾಗಿ ನೋಡಬಹುದು. ಒಂದು ಕರಿ ಬೆಕ್ಕು, ಒಂದು ದೋಣಿ, ದೋಣಿ ಹತ್ತಿದ ಬೇರೆ ಬೇರೆ ಪ್ರಾಣಿಗಳು. ಹೊಡೆದಾಟದ ಹೀರೊ ಇಲ್ಲ, ರಾಕ್ಷಸನಿಲ್ಲ. ಆದರೆ ಎಲ್ಲವನ್ನೂ ಮುಳುಗಿಸುತ್ತ ಏರುವ ನೀರಿದೆ. ಬೆಂಗಳೂರಿನ ಮಗುವಿಗೆ ಅದು ಬರೀ ಚಂದದ ಚಿತ್ರ. 2019ರ ಆಗಸ್ಟ್‌ನಲ್ಲಿ ಘಟಪ್ರಭಾ ಹೊಳೆ ಮನೆಯೊಳಗೆ ಬಂದದ್ದನ್ನು ಕಂಡ ನಿಮ್ಮ ತಾಲ್ಲೂಕಿನ ಮಗುವಿಗೆ ಹಾಗಲ್ಲ. ನಿಮ್ಮ ಮಗನಿಗೆ ಆಗ ಏಳೋ ಎಂಟೋ ಇರಬೇಕು. ನೀವು ಆ ವರ್ಷ ಮನೆ ಬಿಟ್ಟು ಕಾಳಜಿ ಕೇಂದ್ರದಲ್ಲಿ ಇದ್ದವರಾದರೆ, ಈ ಚಿತ್ರದಲ್ಲಿ ಬೆದರುವವಳು ಮಗಳಲ್ಲ, ಅವನು. ಮುಂಬೈಯ ಸೆನ್ಸಾರ್ ಕಚೇರಿಗೆ ಇದು ಹೇಗೆ ಗೊತ್ತಾಗಬೇಕು, ನನಗೆ ತಾನೆ ಹೇಗೆ ಗೊತ್ತಾಗಬೇಕು? ನಮ್ಮ ಎರಡು ಸಾಲು ಓದಿ ನಿಶ್ಚಿಂತರಾಗಬೇಡಿ ಎಂದದ್ದು ಇದಕ್ಕೆ.

ಇನ್ನು ಥಿಯೇಟರಿನ ಸಣ್ಣಪುಟ್ಟ ವಿಚಾರ. ಎಷ್ಟೋ ದೊಡ್ಡ ಚಿತ್ರಗಳು ಈಗ ಎರಡೂಮುಕ್ಕಾಲು ತಾಸಿನ ಆಸುಪಾಸು ಇರುತ್ತವೆ, ‘ಧುರಂಧರ್’ ಅಂತೂ ಮೂರೂವರೆ ತಾಸು (ಅದು ‘ಎ’, ನಿಮಗೆ ಸಂಬಂಧವಿಲ್ಲ). ಸಣ್ಣ ಮಕ್ಕಳಿದ್ದರೆ ಸೆಕೆಂಡ್ ಶೋ ಬಿಟ್ಟುಬಿಡಿ. ದಾರಿಯ ಬದಿಯ ಸೀಟು ಹಿಡಿಯಿರಿ, ಸ್ಪೀಕರಿನ ಬುಡದಲ್ಲಿ ಕೂರಬೇಡಿ. ಮಗು ಎದ್ದು ಹೋಗೋಣ ಅಂದರೆ ‘ದುಡ್ಡು ಕೊಟ್ಟೀವಿ’ ಅನ್ನಬೇಡಿ. ನಿಮ್ಮಲ್ಲಿ ಒಬ್ಬರು ಎದ್ದು ಹೊರಗೆ ಬನ್ನಿ, ಉಳಿದವರು ನೋಡಲಿ.

ಮಗನ ಮೊಬೈಲು. ಒಟಿಟಿಗಳಿಗೆ 2021ರಿಂದ ನಿಯಮವಿದೆ. ಅಲ್ಲೂ 7+, 13+, 16+ ಎಂದು ಹಾಕಬೇಕು, 13+ ಮತ್ತು ಅದರ ಮೇಲಿನದಕ್ಕೆ ಪೋಷಕರು ಬೀಗ ಹಾಕುವ ಸೌಲಭ್ಯ ಕೊಡಬೇಕು. ನಮ್ಮ ಮನೆಗಳಲ್ಲಿ ಆಗುವುದೆಂದರೆ ಅಪ್ಪನ ಒಂದೇ ಪ್ರೊಫೈಲಿನಲ್ಲಿ ಎಲ್ಲರೂ ನೋಡುತ್ತಾರೆ. ಮಕ್ಕಳಿಗೆ ಬೇರೆ ಪ್ರೊಫೈಲ್ ಮಾಡಿ, ದೊಡ್ಡವರದ್ದಕ್ಕೆ ಪಿನ್ ಹಾಕಿ. ಪಿನ್ ಹಾಕಲು ಮಗನನ್ನೇ ಕರೆಯಬೇಡಿ, ನಗಬೇಡಿ, ಹಾಗೆ ಮಾಡಿದವರನ್ನು ಬಲ್ಲೆ. ಆದರೆ ಹದಿನಾಲ್ಕರ ಹುಡುಗ ಹೆಚ್ಚು ನೋಡುವುದು ರೀಲ್ಸ್. ‘ಎ’ ಚಿತ್ರದ ಅತಿ ಕ್ರೂರ ತುಣುಕು ಮೂವತ್ತು ಸೆಕೆಂಡಿನ ಹಾಡಿನೊಂದಿಗೆ ಅಲ್ಲಿ ಓಡಾಡುತ್ತದೆ. ಅದಕ್ಕೆ ಸರ್ಟಿಫಿಕೇಟೂ ಇಲ್ಲ, ಇಂಟರ್‌ವಲ್ಲೂ ಇಲ್ಲ. ಕದ್ದು ಮೊಬೈಲ್ ತೆಗೆದು ನೋಡುವುದನ್ನು ನಾನು ಹೇಳಿಕೊಡುವುದಿಲ್ಲ. ಒಮ್ಮೆ ಗೊತ್ತಾದರೆ ಅವನು ಮುಂದೆ ಏನನ್ನೂ ಹೇಳುವುದಿಲ್ಲ.

ಅದರ ಬದಲು ತಂದೆ-ಮಗ ಇಬ್ಬರೇ ಕೂತು 2025ರ ‘ಮಿಥ್ಯ’ ನೋಡಲಿ. ತಂದೆತಾಯಿಯನ್ನು ಕಳೆದುಕೊಂಡ ಹನ್ನೊಂದರ ಹುಡುಗನೊಬ್ಬ ಮುಂಬೈ ಬಿಟ್ಟು ಉಡುಪಿಯ ಚಿಕ್ಕಮ್ಮನ ಮನೆಗೆ ಬರುತ್ತಾನೆ. ಮೊದಲರ್ಧ ನಿಧಾನ, ನಿಮ್ಮ ಯಜಮಾನರು ಮೊಬೈಲ್ ತೆಗೆಯಬಹುದು, ತೆಗೆಯಲು ಬಿಡಬೇಡಿ. ಮುಂದಿನ ಸಲ ಮನೆಯವರೆಲ್ಲ ಹೋಗುವ ಸಿನಿಮಾ ಆರಿಸುವ ಕೆಲಸವನ್ನೂ ಮಗನಿಗೇ ಕೊಡಿ. ಸರ್ಟಿಫಿಕೇಟು ಏನು, ಎಷ್ಟು ತಾಸು, ತಂಗಿಗೆ ಅಂಜಿಕೆ ಆಗುವಂಥದ್ದು ಏನಿದೆ ಎಂದು ವಿಚಾರಿಸಿ ಬಂದು ಹೇಳಲಿ. ಅವನು ಏನು ಆರಿಸಿದ ಎಂದು ನಮಗೂ ಒಂದು ಕಾರ್ಡು ಬರೆಯಿರಿ.