ಕುಡಿತ ಬಿಡಬೇಕೆಂದಿದ್ದೇನೆ. ಬಿಟ್ಟವರು ಸೇರುವ ಸಭೆ ಹತ್ತಿರದಲ್ಲಿ ಎಲ್ಲಿದೆ ಎಂದು ತಿಳಿಯುವುದು ಹೇಗೆ?

14446ಕ್ಕೆ ಕರೆ ಮಾಡಿ. ಅದು ಕೇಂದ್ರ ಸರ್ಕಾರದ ಉಚಿತ ವ್ಯಸನಮುಕ್ತಿ ಸಹಾಯವಾಣಿ. ಕುಡಿತ ಬಿಟ್ಟವರು, ಬಿಡಬೇಕೆನ್ನುವವರು ಸೇರುವ, 1935ರಲ್ಲಿ ಅಮೆರಿಕದಲ್ಲಿ ಶುರುವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟದ ಸಭೆಗಳು ಕರ್ನಾಟಕದಲ್ಲೂ ನಡೆಯುತ್ತವೆ. ಊರು, ವಾರ, ಹೊತ್ತು ಅವರ ಜಾಲತಾಣದಲ್ಲಿ ಸಿಗುತ್ತದೆ. ಕೆಲವೆಡೆ ಸಭೆ ಚರ್ಚಿನ ಕೋಣೆಯಲ್ಲಿರುತ್ತದೆ. ಹಿಂಜರಿಯಬೇಡಿ, ಜಾಗವಷ್ಟೇ ಅವರದು. ಶುಲ್ಕವಿಲ್ಲ, ಪೂರ್ತಿ ಹೆಸರನ್ನು ಹೇಳಬೇಕಿಲ್ಲ. ಮೊದಲ ದಿನ ಹಿಂದಿನ ಕುರ್ಚಿಯಲ್ಲಿ ಕೂತು, ಬಾಯಿ ಬಿಡದೆ ಎದ್ದು ಬಂದರೂ ಯಾರೂ ಏನೂ ಅನ್ನುವುದಿಲ್ಲ. ಕುಡಿಯದ ಹೆಂಡತಿಯನ್ನೋ ತಮ್ಮನನ್ನೋ ಜೊತೆಗೆ ಕರೆದೊಯ್ಯುವುದಾದರೆ ‘ಮುಕ್ತ ಸಭೆ’ ಯಾವುದೆಂದು ಮೊದಲೇ ಕೇಳಿಕೊಳ್ಳಿ. ಮನೆಯವರಿಗೆಂದೇ ಅಲ್-ಅನಾನ್ ಎಂಬ ಪ್ರತ್ಯೇಕ ಕೂಟವಿದೆ. ಹಳ್ಳಿಯಲ್ಲಿದ್ದರೆ, ಧರ್ಮಸ್ಥಳ ಯೋಜನೆಯ ಮದ್ಯವರ್ಜನ ಶಿಬಿರ ಮುಗಿಸಿದವರ ನವಜೀವನ ಸಮಿತಿ ಇದೆಯೇ ವಿಚಾರಿಸಿ.

ಒಂದು ಎಚ್ಚರಿಕೆ: ದಿನವೂ ವಿಪರೀತ ಕುಡಿಯುತ್ತಿದ್ದರೆ ಹಟದಿಂದ ಒಮ್ಮೆಲೇ ನಿಲ್ಲಿಸಬೇಡಿ. ಕೈನಡುಕ, ಫಿಟ್ಸ್, ಭ್ರಮೆ ಜೀವಕ್ಕೇ ಕುತ್ತು ತರಬಹುದು. ಮೊದಲು ವೈದ್ಯರನ್ನು ಕಾಣಿ; ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ.