ಎಸಿ ಗ್ಯಾಸ್ ತುಂಬಿಸುವ ಮೊದಲು ಪೈಪ್ ಮುಟ್ಟಿ ನೋಡಿ

ಪ್ರಶ್ನೆ: ನಸುಕಿನಲ್ಲಿ ಚೋರ್ಲಾ ಘಾಟ್ ಹಾದು ಹೋಗುವಾಗ ಹೀಟರ್ ಹಾಕುತ್ತೇನೆ. ಗಾಡಿ ಓಡುವಾಗ ಬಿಸಿ ಗಾಳಿ ಬರುತ್ತದೆ, ನಿಂತರೆ ತಣ್ಣಗಾಗುತ್ತದೆ. ಡ್ಯಾಶ್‌ಬೋರ್ಡ್ ಬಿಚ್ಚಿ ಹೀಟರ್ ಕೋರ್ ಬದಲಿಸಬೇಕೆಂದು ಗ್ಯಾರೇಜಿನವರು ಹೇಳುತ್ತಿದ್ದಾರೆ. – ಓದುಗರು, ಖಾನಾಪುರ

ಉತ್ತರ: ಡ್ಯಾಶ್‌ಬೋರ್ಡಿಗೆ ಈಗಲೇ ಕೈ ಹಾಕಿಸಬೇಡಿ. ಹೀಟರ್ ಕೋರ್ ಎಂದರೆ ಡ್ಯಾಶ್‌ಬೋರ್ಡ್ ಒಳಗಿನ ಪುಟ್ಟ ರೇಡಿಯೇಟರ್. ಎಂಜಿನ್ ತಣಿಸಿ ಬಿಸಿಯಾದ ದ್ರವ, ಅಂದರೆ ಕೂಲಂಟ್, ಅದರಲ್ಲಿ ಹರಿದರೆ ಮಾತ್ರ ಬಿಸಿ ಗಾಳಿ. ಕೂಲಂಟ್ ಕಡಿಮೆಯಾಗಿದ್ದರೆ ಅಥವಾ ಒಳಗೆ ಗಾಳಿ ಸಿಕ್ಕಿಕೊಂಡಿದ್ದರೆ, ಐಡ್ಲಿಂಗಿನಲ್ಲಿ ನಿಧಾನ ತಿರುಗುವ ವಾಟರ್ ಪಂಪಿಗೆ ಅದನ್ನು ಅಲ್ಲಿಯವರೆಗೆ ತಳ್ಳಲಾಗುವುದಿಲ್ಲ. ನಿಮ್ಮ ಗಾಡಿಯ ಲಕ್ಷಣ ಇದೇ.

ಎಂಜಿನ್ ಪೂರ್ತಿ ತಣ್ಣಗಾಗಿರುವಾಗ, ಮುಂಭಾಗ ಎತ್ತರಕ್ಕೆ ಬರುವಂತೆ ಗಾಡಿಯನ್ನು ಇಳಿಜಾರಿನಲ್ಲಿ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ರೇಡಿಯೇಟರ್ ಕ್ಯಾಪ್ ತೆಗೆದು ಬಾಯಿಯವರೆಗೆ ಕೂಲಂಟ್ ತುಂಬಿ, ಹೀಟರನ್ನು ಪೂರ್ತಿ ಬಿಸಿಗೆ, ಬ್ಲೋವರನ್ನು (ಗಾಳಿ ಊದುವ ಫ್ಯಾನ್) ಒಂದಕ್ಕೆ ಇಟ್ಟು ಎಂಜಿನ್ ಚಾಲೂ ಮಾಡಿ. ಗುಳ್ಳೆ ಏಳುತ್ತವೆ, ಮಟ್ಟ ಇಳಿದಂತೆ ತುಂಬುತ್ತಾ ಹೋಗಿ. ಗುಳ್ಳೆ ನಿಂತ ಮೇಲೆ ಕ್ಯಾಪ್ ಹಾಕಿ. ಕೆಲವು ಗಾಡಿಗಳಲ್ಲಿ ಗಾಳಿ ಬಿಡಲು ಬೇರೆ ಬ್ಲೀಡ್ ಸ್ಕ್ರೂ ಇರುತ್ತದೆ. ಬಿಸಿಯಾಗಿರುವ ಎಂಜಿನ್ನಿನ ಕ್ಯಾಪ್ ಎಂದೂ ತೆಗೆಯಬೇಡಿ, ಒತ್ತಡದಲ್ಲಿರುವ ಕೂಲಂಟ್ ಮುಖಕ್ಕೆ ಚಿಮ್ಮುತ್ತದೆ.

ಇಷ್ಟಾದರೂ ಸರಿಹೋಗದಿದ್ದರೆ ಹೀಟರಿಗೆ ಹೋಗುವ ಎರಡೂ ಹೋಸ್‌ಗಳನ್ನು ಹುಷಾರಾಗಿ ಮುಟ್ಟಿ ನೋಡಿ. ಎರಡೂ ಬಿಸಿ ಇದ್ದರೆ ಕೋರ್ ಚೆನ್ನಾಗಿದೆ, ದೋಷ ಒಳಗೆ ಬಿಸಿ–ತಂಪು ಗಾಳಿ ಬೆರೆಸುವ ಫ್ಲ್ಯಾಪಿನದು. ಒಂದು ಬಿಸಿ, ಇನ್ನೊಂದು ಉಗುರುಬೆಚ್ಚಗಿದ್ದರೆ ಕೋರ್ ಕಟ್ಟಿದೆ. ಎರಡೂ ಉಗುರುಬೆಚ್ಚಗಿದ್ದು ಟೆಂಪರೇಚರ್ ಮುಳ್ಳೂ ಮೇಲೇರದಿದ್ದರೆ ಥರ್ಮೋಸ್ಟಾಟ್, ಅಂದರೆ ಕೂಲಂಟನ್ನು ರೇಡಿಯೇಟರಿಗೆ ಬಿಡುವ ಕವಾಟ, ತೆರೆದೇ ಉಳಿದಿದೆ. ಅದು ಸಾಮಾನ್ಯವಾಗಿ 82ರಿಂದ 88 ಡಿಗ್ರಿಗೆ ತೆರೆಯಲು ಶುರುವಾಗಬೇಕು.

ಕೋರ್ ಕಟ್ಟುವುದಕ್ಕೆ ದೊಡ್ಡ ಕಾರಣ ಕೂಲಂಟ್ ಬದಲು ಸುರಿಯುವ ಬೋರ್‌ವೆಲ್ ನೀರು. ಅದರ ಸುಣ್ಣ ಸಣ್ಣ ಕೊಳವೆಗಳಲ್ಲಿ ಪದರಗಟ್ಟುತ್ತದೆ. ಎರಡೂ ಹೋಸ್ ಬಿಚ್ಚಿ, ಹೊರಹೋಗುವ ಕಡೆಯಿಂದ ಕಡಿಮೆ ಒತ್ತಡದಲ್ಲಿ ನೀರು ಬಿಟ್ಟರೆ ಕೆಸರು ಹೊರಬರುತ್ತದೆ. ಆಮೇಲೆ ಕೂಲಂಟ್ ಕಾನ್ಸಂಟ್ರೇಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ ಬೆರೆಸಿ ತುಂಬಿಸಿ. ಪ್ಯಾಸೆಂಜರ್ ಕಡೆಯ ಕಾಲ್ಮ್ಯಾಟ್ ಜಿಗುಟಾಗಿ ಒದ್ದೆಯಾಗಿ ಸಿಹಿ ವಾಸನೆ ಬರುತ್ತಿದ್ದರೆ ಮಾತ್ರ ಕೋರ್ ಸೋರುತ್ತಿದೆ ಎಂದು ತಿಳಿದು ಡ್ಯಾಶ್‌ಬೋರ್ಡ್ ಬಿಚ್ಚಿಸಿ.

ಪ್ರಶ್ನೆ: ಆಟೊಮ್ಯಾಟಿಕ್ ಕ್ಲೈಮೇಟ್ ಕಂಟ್ರೋಲ್ ಇರುವ ಗಾಡಿ. 22 ಡಿಗ್ರಿಗೆ ಇಟ್ಟರೂ ಬಿಸಿ ಗಾಳಿ. ಈ ಬೇಸಿಗೆಯಲ್ಲೇ ಎರಡು ಸಲ ಗ್ಯಾಸ್ ತುಂಬಿಸಿದೆ. ಡ್ಯಾಶ್‌ಬೋರ್ಡ್ ಒಳಗೆ ಟಕ್ ಟಕ್ ಸದ್ದು ಬೇರೆ. – ಓದುಗರು, ವಿಜಯಪುರ

ಉತ್ತರ: ಗ್ಯಾಸ್ ಪೆಟ್ರೋಲಿನಂತೆ ಉರಿದು ಖರ್ಚಾಗುವುದಿಲ್ಲ, ಕಡಿಮೆಯಾಗಿದ್ದರೆ ಸೋರಿದೆ ಎಂದರ್ಥ. ಸೋರಿಕೆ ಹುಡುಕದೆ ಮತ್ತೆ ತುಂಬಿಸುವುದು ದುಡ್ಡು ದಂಡ. ಅಳತೆ ಮೀರಿ ತುಂಬಿಸಿದರೆ ತಂಪು ಇನ್ನೂ ಕಡಿಮೆಯಾಗುತ್ತದೆ. ಬಾನೆಟ್ ಕೆಳಗಿನ ಸ್ಟಿಕರಿನಲ್ಲಿ ಬರೆದಷ್ಟು ಗ್ರಾಂ ತೂಗಿಯೇ ತುಂಬಿಸಬೇಕು.

ಎಸಿ ಹಾಕಿ ಐದು ನಿಮಿಷ ಬಿಟ್ಟು, ಕ್ಯಾಬಿನ್ ಕಡೆಯಿಂದ ಕಂಪ್ರೆಸರಿಗೆ ಮರಳುವ ದಪ್ಪ ಅಲ್ಯೂಮಿನಿಯಂ ಪೈಪನ್ನು ಮುಟ್ಟಿ. ವಿಜಯಪುರದ ಒಣ ಹವೆಯಲ್ಲಿ ಅದು ಬೆವರದೆಯೂ ಇರಬಹುದು, ತಣ್ಣಗಿದ್ದರೆ ಸಾಕು. ಪೈಪ್ ತಣ್ಣಗಿದ್ದೂ ಒಳಗೆ ಬಿಸಿ ಗಾಳಿ ಬಂದರೆ ಬಿಸಿ–ತಂಪು ಬೆರೆಸುವ ಫ್ಲ್ಯಾಪ್ ಬಿಸಿಯ ಕಡೆ ನಿಂತಿದೆ. ಟಕ್ ಟಕ್ ಸದ್ದು ಬಹುಪಾಲು ಆ ಫ್ಲ್ಯಾಪ್ ತಿರುಗಿಸುವ ಆಕ್ಚುಯೇಟರಿನ ಪ್ಲಾಸ್ಟಿಕ್ ಗಿಯರಿನದು. ಹಲ್ಲು ಮುರಿದ ಗಿಯರ್ ಅಲ್ಲಲ್ಲೇ ಜಾರುತ್ತಿರುತ್ತದೆ.

ಆಕ್ಚುಯೇಟರ್ ಸಾಮಾನ್ಯವಾಗಿ ಗ್ಲವ್ ಬಾಕ್ಸ್ ಹಿಂದೆ ಅಥವಾ ಪೆಡಲ್ ಪಕ್ಕದಲ್ಲಿ ಎರಡು-ಮೂರು ಸ್ಕ್ರೂಗಳ ಮೇಲೆ ಕೂತಿರುತ್ತದೆ. ಹೊಸದು ಹಾಕುವ ಮೊದಲು ಫ್ಲ್ಯಾಪಿನ ದಂಡವನ್ನು ಕೈಯಿಂದ ತಿರುಗಿಸಿ ನೋಡಲು ಹೇಳಿ. ಅದು ಬಿಗಿಯಾಗಿದ್ದರೆ ಹೊಸ ಗಿಯರೂ ಮುರಿಯುತ್ತದೆ. ಜೋಡಿಸಿದ ಮೇಲೆ ಫ್ಲ್ಯಾಪ್ ಪೂರ್ತಿ ಬಿಸಿಗೆ, ಪೂರ್ತಿ ತಂಪಿಗೆ ನಿಲ್ಲುವ ಎರಡು ತುದಿಗಳನ್ನು ಕ್ಲೈಮೇಟ್ ಕಂಟ್ರೋಲಿಗೆ ಕಲಿಸಬೇಕು, ಕೆಲವು ಮಾಡೆಲ್‌ಗಳಿಗೆ ಅದಕ್ಕೆ ಸ್ಕ್ಯಾನರ್ ಬೇಕೇ ಬೇಕು.

ಇನ್ನೊಂದು ಮಾತು. ಡ್ಯಾಶ್‌ಬೋರ್ಡಿನ ಮೇಲೆ ಗಾಜಿನ ಹತ್ತಿರ ಸಣ್ಣ ಕಪ್ಪು ಗುಂಡಿಯಂಥದ್ದಿದ್ದರೆ ಅದು ಬಿಸಿಲಿನ ಸೆನ್ಸರ್ ಇರಬಹುದು. ದೇವರ ಮೂರ್ತಿಯೋ ಬಟ್ಟೆಯೋ ಅದನ್ನು ಮುಚ್ಚಿದರೆ ಬಿಸಿಲಿಲ್ಲವೆಂದು ತಿಳಿದು ಕಂಟ್ರೋಲ್ ತಂಪು ತಗ್ಗಿಸುತ್ತದೆ. ಮೂರ್ತಿಯನ್ನು ಒಂದು ಗೇಣು ಸರಿಸಿಡಿ.

ಪ್ರಶ್ನೆ: ಬ್ಲೋವರ್ ನಾಲ್ಕನೇ ಸ್ಪೀಡಿನಲ್ಲಿ ಮಾತ್ರ ತಿರುಗುತ್ತದೆ. ರೆಸಿಸ್ಟರ್ ಬದಲಿಸಿದೆ, ಮತ್ತೆ ಸುಟ್ಟಿತು. – ಓದುಗರು, ಇಳಕಲ್

ಉತ್ತರ: ಕೆಳಗಿನ ಸ್ಪೀಡುಗಳಿಗೆ ಕರೆಂಟ್ ತಗ್ಗಿಸುವುದು ರೆಸಿಸ್ಟರ್. ನಾಲ್ಕರಲ್ಲಿ ಕರೆಂಟ್ ಅದನ್ನು ಬಿಟ್ಟು ನೇರ ಹೋಗುತ್ತದೆ, ಹಾಗಾಗಿ ಅದೊಂದೇ ಉಳಿದಿದೆ. ರೆಸಿಸ್ಟರನ್ನು ತಂಪಾಗಿಡುವುದು ಬ್ಲೋವರಿನ ಗಾಳಿಯೇ. ಎರೆಮಣ್ಣಿನ ದೂಳಿನಿಂದ ಕ್ಯಾಬಿನ್ ಫಿಲ್ಟರ್ ಕಟ್ಟಿದರೆ ಅದಕ್ಕೆ ಗಾಳಿ ಸಿಗುವುದಿಲ್ಲ. ಬ್ಲೋವರ್ ಮೋಟಾರ್ ಬಿಗಿಯಾಗಿದ್ದರೆ ಕರೆಂಟೂ ಹೆಚ್ಚು ಎಳೆಯುತ್ತದೆ. ಮೊದಲು ಫಿಲ್ಟರ್ ಬದಲಿಸಿ, ಮೋಟಾರ್ ಕೈಯಿಂದ ಸಲೀಸಾಗಿ ತಿರುಗುತ್ತದೆಯೇ ನೋಡಿ, ಕನೆಕ್ಟರ್ ಕರಗಿದ್ದರೆ ಅದನ್ನೂ ಬದಲಿಸಿ, ಆಮೇಲೆ ರೆಸಿಸ್ಟರ್ ಹಾಕಿ. ಹೆಚ್ಚು ಆಂಪಿಯರಿನ ಫ್ಯೂಸ್ ಮಾತ್ರ ಹಾಕಲೇಬೇಡಿ, ವೈರಿಗೆ ಬೆಂಕಿ ಬೀಳುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಮುಂದಿನ ಗಾಜು ಮಂಜಾಗುತ್ತದೆ. – ಓದುಗರು, ಬೆಳಗಾವಿ

ಉತ್ತರ: ರೀಸರ್ಕ್ಯುಲೇಶನ್ ತೆಗೆದು ಹೊರಗಿನ ಗಾಳಿಗೆ ಹಾಕಿ, ಗಾಳಿಯನ್ನು ಗಾಜಿನ ಕಡೆ ತಿರುಗಿಸಿ, ಎಸಿಯನ್ನೂ ಹೀಟರನ್ನೂ ಒಟ್ಟಿಗೆ ಹಾಕಿ. ಎಸಿ ತೇವ ಹೀರುತ್ತದೆ, ಹೀಟರ್ ಗಾಜನ್ನು ಬೆಚ್ಚಗಾಗಿಸುತ್ತದೆ. ಆದರೂ ಎಣ್ಣೆಯಂಥ ಪದರ ಉಳಿದು, ಒರೆಸಿದರೂ ಮತ್ತೆ ಬಂದರೆ ಅದು ಮಳೆಯ ತೇವವಲ್ಲ, ಸೋರುವ ಹೀಟರ್ ಕೋರಿನ ಕೂಲಂಟ್ ಆವಿ ಇರಬಹುದು. ಕೂಲಂಟ್ ಮಟ್ಟ ನೋಡಿಸಿ.